ಮೋರಿ ಮತ್ತು ಮಾತು

2022ರ ಬೇಸಿಗೆಯಲ್ಲಿ ಆಫೀಸಿನ ಕೆಲಸದ ಮೇಲೆ ಎರಡು ತಿಂಗಳು ಅಮೆರಿಕದ ಸಿಯಾಟಲ್ ಬಳಿ ಇದ್ದೆ. ಒಂದು ಶನಿವಾರ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಸುತ್ತಾಡಲು ಹೊರಟಾಗ ದಾರಿಯ ಮಧ್ಯೆ ರಸ್ತೆ ಬಂದ್ ಆಗಿತ್ತು. ಮೀನು ಹೋಗಲು ದಾರಿ ಮಾಡುವ ಕಾಮಗಾರಿ ನಡೆದಿದೆ, ಬಳಸಿಕೊಂಡು ಹೋಗಿ ಎಂದು ಬೋರ್ಡು ಹಾಕಿದ್ದರು. ಸಹೋದ್ಯೋಗಿ ಹೈದರಾಬಾದಿನವರು, ಅಲ್ಲಿ ನೆಲೆಸಿ ಹದಿನೈದು ವರ್ಷವಾಗಿದೆ. "ನೋಡಿ ಸಾರ್, ನಮ್ಮಲ್ಲಿ ಮನುಷ್ಯರಿಗೇ ನೆಟ್ಟಗೆ ರಸ್ತೆ ಇಲ್ಲ. ಇಲ್ಲಿ ಮೀನಿಗೋಸ್ಕರ ಇರುವ ರಸ್ತೆಯನ್ನೂ ಅಗೆಯುತ್ತಾರೆ" ಎಂದು ನಕ್ಕರು. ನಾನೂ ನಕ್ಕೆ.

ಕಾರುಗಳ ಸಾಲು ನಿಧಾನವಾಗಿ ತಿರುಗುವಾಗ ಆ ಜಾಗ ಕಾಣಿಸಿತು. ದೊಡ್ಡ ಹೊಳೆಯೇನಲ್ಲ, ನಮ್ಮ ಕಡೆಯ ಹಳ್ಳದಷ್ಟೇ ನೀರು. ರಸ್ತೆಯ ಅಡಿಯಿಂದ ಕಿತ್ತು ತೆಗೆದ, ತುಕ್ಕು ಹಿಡಿದ ಕೊಳವೆಯನ್ನು ಪಕ್ಕಕ್ಕೆ ಉರುಳಿಸಿದ್ದರು. ಕೊಪ್ಪದ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಅದರ ಗುರುತು ಹತ್ತಲು ತಡವಾಗಲಿಲ್ಲ. ಅದು ಮೋರಿ. ನಮ್ಮ ಮನೆಯ ಮುಂದಿನ ರಸ್ತೆಯಡಿ ಇದ್ದಂಥದೇ ಮೋರಿ.

ಪುಣೆಗೆ ವಾಪಸಾದ ಮೇಲೂ ಆ ಕೊಳವೆ ತಲೆಯಿಂದ ಹೋಗಲಿಲ್ಲ. ಬಿಡುವಾದಾಗಲೆಲ್ಲ ಅದರ ಹಿಂದಿನ ಕತೆಯನ್ನು ಓದಿದೆ. ಓದುತ್ತ ಹೋದಂತೆ ಅದು ಮೀನಿನ ವಿಷಯವಾಗಿ ಮಾತ್ರ ಉಳಿಯಲಿಲ್ಲ. ಯಾರೂ ಕೇಡು ಬಯಸದೆ, ನಿಯಮದ ಪ್ರಕಾರವೇ ಮಾಡಿದ ಕೆಲಸದಿಂದ ಇನ್ನೊಬ್ಬರ ಬದುಕಿನ ದಾರಿ ಮುಚ್ಚಿಹೋದರೆ, ಅದನ್ನು ತೆರೆಯುವ ಹೊಣೆ ಯಾರದು? ಈ ಪ್ರಶ್ನೆ ನನ್ನನ್ನು ಬೇರೊಂದು ಕಾರಣಕ್ಕೂ ಕಾಡುತ್ತಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮೋರಿಯ ವಿಷಯ. ರಸ್ತೆ ಮಾಡುವಾಗ ಅಡ್ಡ ಬಂದ ತೊರೆಗೆಲ್ಲ ಸೇತುವೆ ಕಟ್ಟಲು ಆಗುವುದಿಲ್ಲ. ಒಂದು ಕೊಳವೆ ಇಟ್ಟು ಮೇಲೆ ಮಣ್ಣು ಹಾಕಿದರೆ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಎಂಜಿನಿಯರ್ ಲೆಕ್ಕ ಹಾಕುವುದು ನೀರನ್ನು: ಇಷ್ಟು ಮಳೆಗೆ ಇಷ್ಟು ನೀರು, ಅದು ದಾಟಲು ಇಷ್ಟು ವ್ಯಾಸ. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ತೊರೆಗಿಂತ ಕೊಳವೆ ಕಿರಿದು. ಅಗಲವಾಗಿ ಬಂದ ನೀರು ಒಳಗೆ ಇಕ್ಕಟ್ಟಾಗಿ ರಭಸ ಪಡೆಯುತ್ತದೆ. ಆ ರಭಸ ಇನ್ನೊಂದು ತುದಿಯಲ್ಲಿ ನೆಲವನ್ನು ಕೊರೆಯುತ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷ ಕೊರೆದು ಕೊರೆದು ಅಲ್ಲೊಂದು ಗುಂಡಿಯಾಗುತ್ತದೆ, ತೊರೆಯ ತಳ ಕೆಳಗಿಳಿಯುತ್ತದೆ, ಕೊಳವೆಯ ಬಾಯಿ ಗಾಳಿಯಲ್ಲಿ ನೇತಾಡತೊಡಗುತ್ತದೆ. ಇಟ್ಟ ದಿನ ಅದು ತೊರೆಯ ಮಟ್ಟದಲ್ಲೇ ಇತ್ತು. ಯಾರೂ ಅದನ್ನು ಎತ್ತರದಲ್ಲಿ ಇಟ್ಟಿರಲಿಲ್ಲ.

ಆ ತೊರೆಗಳಿಗೆ ಬರುವುದು ಸಾಲ್ಮನ್ ಮೀನು. ತಣ್ಣನೆಯ ತೊರೆಯ ಜಲ್ಲಿಕಲ್ಲುಗಳ ಸಂದಿಯಲ್ಲಿ ಮೊಟ್ಟೆಯೊಡೆದು ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಹುಟ್ಟಿದ ನೀರಿನ ವಾಸನೆಯ ಜಾಡು ಹಿಡಿದು ಅದೇ ತೊರೆಗೆ ಮರಳುತ್ತದೆ. ಪೆಸಿಫಿಕ್ ಸಾಲ್ಮನ್‌ಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತವೆ. ದೊಡ್ಡ ಮೀನು ಹಾರಬಲ್ಲದು, ಆದರೆ ಹಾರಲು ಕೆಳಗೆ ಆಳ ಬೇಕು, ಹಾರಿದ ಮೇಲೆ ಕೊಳವೆಯೊಳಗಿನ ರಭಸವನ್ನು ಈಜಿ ದಾಟಬೇಕು. ನುಣುಪಾದ ಕೊಳವೆಯಲ್ಲಿ ದಣಿವಾರಿಸಲು ಒಂದು ಕಲ್ಲಿನ ಮರೆಯೂ ಇಲ್ಲ. ಇನ್ನು ಕೋಹೋ ಎಂಬ ಜಾತಿಯ ಮರಿಗಳು ಸಮುದ್ರಕ್ಕೆ ಹೋಗುವ ಮುನ್ನ ವರ್ಷಕ್ಕೂ ಹೆಚ್ಚು ಕಾಲ ತೊರೆಯಲ್ಲೇ ಇದ್ದು, ಮೇಲೆ ಕೆಳಗೆ ಓಡಾಡಿ ಬದುಕಬೇಕು. ಬೆರಳುದ್ದದ ಮರಿಗೆ ಒಂದು ಗೇಣು ಎತ್ತರವೂ ಗೋಡೆಯೇ.

ಸಾಲ್ಮನ್ ಕತೆ ಹೇಳಿದ ಕೂಡಲೇ ನಮ್ಮಂಥ ಊರು ಬಿಟ್ಟವರ ಗಂಟಲು ಕಟ್ಟುತ್ತದೆ. ನಮ್ಮ ಕನ್ನಡ ಬಳಗದ ಗೆಳೆಯರೊಬ್ಬರಿಗೆ ಹೇಳಿದಾಗ, "ನಾವೂ ಸಾಲ್ಮನ್‌ಗಳೇ ಅಲ್ವಾ" ಎಂದರು. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ನಾವು ದೀಪಾವಳಿಗೆ ತತ್ಕಾಲ್ ಟಿಕೆಟ್ ಸಿಗದಿದ್ದರೆ ಮುಂದಿನ ತಿಂಗಳು ಹೋಗುತ್ತೇವೆ. ಮೀನಿಗೆ ಮುಂದಿನ ತಿಂಗಳು ಎಂಬುದಿಲ್ಲ. ಮೇಲಾಗಿ, ಈ ಕತೆಯಲ್ಲಿ ನಾವು ಮೀನಾಗುವುದಕ್ಕಿಂತ ಹೆಚ್ಚಾಗಿ ರಸ್ತೆಯ ಮೇಲೆ ಕಾರಿನಲ್ಲಿ ಕೂತವರು. ಅಲ್ಲಿ ಕೂತೇ ಯೋಚಿಸುವುದು ಪ್ರಾಮಾಣಿಕ ಎನಿಸುತ್ತದೆ.

ಸರಿ, ಆ ರಾಜ್ಯ ಈಗ ಯಾಕೆ ಮೋರಿಗಳನ್ನು ಕಿತ್ತು ಹಾಕುತ್ತಿದೆ? ಮೀನಿನ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ. ಕೊಟ್ಟ ಮಾತೊಂದರ ಕಾರಣದಿಂದ.

1854 ಮತ್ತು 1855ರಲ್ಲಿ ಆಗಿನ ವಾಷಿಂಗ್ಟನ್ ಪ್ರಾಂತ್ಯದ ಗವರ್ನರ್ ಐಸಾಕ್ ಸ್ಟೀವನ್ಸ್ ಅಲ್ಲಿಯ ಮೂಲನಿವಾಸಿ ಬುಡಕಟ್ಟುಗಳ ಜೊತೆ ಒಪ್ಪಂದಗಳನ್ನು ಮಾಡಿಕೊಂಡ. ಮಾತುಕತೆ ನಡೆದದ್ದು ಚಿನೂಕ್ ಜಾರ್ಗನ್‌ನಲ್ಲಿ. ಅದು ಕೆಲವೇ ನೂರು ಪದಗಳಿದ್ದ, ವ್ಯಾಪಾರಕ್ಕೆಂದು ಹುಟ್ಟಿದ ಬೆರಕೆ ಭಾಷೆ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಹಿಂದಿಯಲ್ಲಿ ಆಸ್ತಿಯ ಕ್ರಯಪತ್ರ ಬರೆಸಿಕೊಂಡ ಹಾಗೆ. ಬುಡಕಟ್ಟುಗಳು ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಟ್ಟವು. ಆದರೆ ರೂಢಿಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡವು. ಈ ಕಾಗದ ನಿಮ್ಮ ಮೀನನ್ನು ಕಾಯುತ್ತದೆ ಎಂಬ ಭರವಸೆಯನ್ನು ಸ್ಟೀವನ್ಸ್ ಬಾಯಿಬಿಟ್ಟು ಕೊಟ್ಟಿದ್ದ.

ಮುಂದಿನ ಒಂದೂವರೆ ಶತಮಾನ ಆ ಒಂದು ಮಾತಿನ ಅರ್ಥ ಏನು ಎಂಬ ಜಗಳ. ಕೊಲಂಬಿಯಾ ನದಿಯ ದಡದ ಜಮೀನು ಕೊಂಡ ವೈನನ್ಸ್ ಸಹೋದರರು ಮೀನು ಹಿಡಿಯುವ ಯಂತ್ರಚಕ್ರ ಹೂಡಿ, ಯಾಕಮಾ ಜನರು ತಮ್ಮ ಜಮೀನು ದಾಟದಂತೆ ತಡೆದರು. ಹಕ್ಕು ನಿಮ್ಮದೇ ಇರಬಹುದು, ಜಮೀನು ನಮ್ಮದು ಎಂಬ ವಾದ. 1905ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಹಿಡಿಯುವ ಹಕ್ಕಿದ್ದರೆ ಹಿಡಿಯುವ ಜಾಗಕ್ಕೆ ಹೋಗುವ ದಾರಿಯೂ ಅದರೊಳಗೇ ಇದೆ ಎಂದಿತು. ಆಮೇಲೂ ಆ ಜನ ಮೀನು ಹಿಡಿದರೆ ಬಂಧನ ತಪ್ಪಲಿಲ್ಲ. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಮೊದಲ ಸಲ ಬಂಧನಕ್ಕೊಳಗಾದಾಗ ಅವರಿಗೆ 14 ವರ್ಷ. ಬದುಕಿನಲ್ಲಿ 50ಕ್ಕೂ ಹೆಚ್ಚು ಸಲ ಹಾಗಾಯಿತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧದವರೆಗಿನ ಪಾಲು ಬುಡಕಟ್ಟುಗಳದ್ದು ಎಂದು ತೀರ್ಪು ಕೊಟ್ಟರು.

ಪಾಲೇನೋ ಸಿಕ್ಕಿತು. ಆದರೆ ಮೀನು ಕಡಿಮೆಯಾಗುತ್ತ ಬಂತು. ಇಲ್ಲದ್ದರಲ್ಲಿ ಅರ್ಧ ಎಂದರೆ ಎಷ್ಟು? 2001ರಲ್ಲಿ 21 ಬುಡಕಟ್ಟುಗಳು ಮತ್ತು ಅವುಗಳ ಪರವಾಗಿ ಕೇಂದ್ರ ಸರ್ಕಾರ ಮತ್ತೆ ಕೋರ್ಟಿಗೆ ಹೋದವು. ಈ ಸಲ ತಕರಾರು ಮೋರಿಗಳದ್ದು. ರಾಜ್ಯದ ಹೆದ್ದಾರಿಗಳ ಅಡಿಯ ನೂರಾರು ಮೋರಿಗಳು ಮೀನಿನ ದಾರಿ ಮುಚ್ಚಿವೆ, ಅವನ್ನು ತೆರೆಯಿರಿ ಎಂದು.

ರಾಜ್ಯ ಸರ್ಕಾರದ ವಾದಗಳನ್ನು ಓದುವಾಗ ನನಗೆ ನಗುವೂ ಬಂತು, ಮುಜುಗರವೂ ಆಯಿತು. ಒಂದು: ಒಪ್ಪಂದದಲ್ಲಿ ಮೀನು ಹಿಡಿಯುವ ಮಾತಿದೆ, ತೊರೆ ಮುಚ್ಚಬಾರದೆಂದು ಎಲ್ಲೂ ಬರೆದಿಲ್ಲ. ಎರಡು: ಈ ಕೊಳವೆಗಳ ವಿನ್ಯಾಸವನ್ನು ನಮಗೆ ಕೊಟ್ಟವರೇ ಕೇಂದ್ರದವರು. ಮೂರು: ನಮ್ಮ ಮೋರಿ ಸರಿಮಾಡಿದರೂ ಅದೇ ತೊರೆಯಲ್ಲಿ ಜಿಲ್ಲಾಡಳಿತದ್ದೋ ಖಾಸಗಿಯವರದ್ದೋ ಇನ್ನೊಂದು ತಡೆ ಇರುತ್ತದೆ, ದುಡ್ಡು ದಂಡ. ಐಟಿಯಲ್ಲಿ ಇರುವವರಿಗೆ ಇವು ಹೊಸ ಮಾತುಗಳಲ್ಲ. ಸ್ಕೋಪಿನಲ್ಲಿ ಇಲ್ಲ. ಕ್ಲೈಂಟ್ ಒಪ್ಪಿ ಸಹಿ ಹಾಕಿದ್ದಾರೆ. ಬೇರೆ ತಂಡದ ಮೇಲೆ ಡಿಪೆಂಡೆನ್ಸಿ ಇದೆ. ನಾನು ವಾರಕ್ಕೆ ಎರಡು ಸಲ ಇವುಗಳಲ್ಲಿ ಒಂದನ್ನಾದರೂ ಹೇಳುತ್ತೇನೆ.

ಮೊದಲ ವಾದವನ್ನು ಅದರ ತುದಿಯವರೆಗೆ ಎಳೆದರೆ, ಆ ಕೊಲ್ಲಿಗೆ ಹರಿದು ಬರುವ ಪ್ರತಿಯೊಂದು ಸಾಲ್ಮನ್ ತೊರೆಯನ್ನು ಮುಚ್ಚಿದರೂ ಒಪ್ಪಂದ ಮುರಿದಂತಾಗುವುದಿಲ್ಲ ಎಂದಾಗುತ್ತದೆ. ರಾಜ್ಯ ಅಷ್ಟು ದೂರ ಹೋಗಲೂ ಸಿದ್ಧವಿತ್ತು. ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಅದನ್ನು ತಳ್ಳಿಹಾಕಿತು. ಎರಡನೆಯದಕ್ಕೆ ಅದು ಕೊಟ್ಟ ಉತ್ತರ ಇನ್ನೂ ಮುಖ್ಯ: ಹಕ್ಕು ಬುಡಕಟ್ಟುಗಳದ್ದು, ಅವರ ಪರವಾಗಿ ಕೇಂದ್ರದವರು ಅದನ್ನು ಬಿಟ್ಟುಕೊಡಲು ಬರುವುದಿಲ್ಲ. 200 ಮೀಟರ್ ಅಥವಾ ಅದಕ್ಕಿಂತ ಉದ್ದದ ನೆಲೆಯನ್ನು ಮುಚ್ಚಿರುವ ಮೋರಿಗಳನ್ನು 2030ರೊಳಗೆ ಸರಿಪಡಿಸಬೇಕೆಂಬ ಕೆಳಕೋರ್ಟಿನ ಆದೇಶ ಉಳಿಯಿತು. 2018ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ಹಿಂದೆ ಸರಿದಿದ್ದರಿಂದ 4–4 ಸಮ ಆಯಿತು. ಸಮವಾದರೆ ಕೆಳಗಿನ ತೀರ್ಪೇ ಗಟ್ಟಿ. ಕಾರಣಗಳನ್ನು ಅವರು ಬರೆಯಲಿಲ್ಲ. ಹಾಗಾಗಿ ಪ್ರಶ್ನೆ ಬಗೆಹರಿಯಿತು ಎನ್ನುವುದಕ್ಕಿಂತ, ನಾವು ಯೋಚಿಸಲೆಂದು ಉಳಿಯಿತು ಎನ್ನಬಹುದು.

1905ರಲ್ಲಿ ಮನುಷ್ಯ ಮೀನಿನ ಬಳಿ ಹೋಗುವ ದಾರಿ. 2018ರಲ್ಲಿ ಮೀನು ಮನುಷ್ಯನ ಬಳಿ ಬರುವ ದಾರಿ. ಎರಡೂ ಸಲ ಕೇಳಿದ್ದು ಒಂದೇ: ಮಾತು ಕೊಟ್ಟ ಮೇಲೆ, ಆ ಮಾತು ನಡೆಯಲು ಬೇಕಾದ ದಾರಿಯನ್ನೂ ಕೊಟ್ಟ ಹಾಗಲ್ಲವೇ?

ಈಗ ನನ್ನ ವಿಷಯ. ಕೆಲವು ವರ್ಷಗಳ ಹಿಂದೆ ಹಳೆಯ ಪ್ರಾಜೆಕ್ಟೊಂದು ನನ್ನ ಕೈಗೆ ಬಂತು. ಒಂದು ಸಂಸ್ಥೆಯ ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ತಿಳಿಸುವ ತಂತ್ರಾಂಶ ಅದು. ಕಟ್ಟಿದ ತಂಡದವರು ಯಾರೂ ಕಂಪನಿಯಲ್ಲಿ ಉಳಿದಿರಲಿಲ್ಲ. ಅದರಲ್ಲಿ ಒಂದು ತೊಡಕಿತ್ತು. ಎಲ್ಲದಕ್ಕೂ ಮೊಬೈಲಿಗೆ ಒಟಿಪಿ ಬರಬೇಕು. ನಂಬರ್ ಬದಲಾಗಿದ್ದರೆ ಅದನ್ನು ತಿದ್ದಲು ಹಳೆಯ ನಂಬರಿಗೇ ಒಟಿಪಿ ಹೋಗುತ್ತಿತ್ತು. ಕಟ್ಟಿದ ದಿನ ಎಲ್ಲರ ನಂಬರೂ ಸರಿಯಾಗಿತ್ತು. ವರ್ಷಗಳು ಕಳೆದಂತೆ ಸಿಮ್ ಕಳೆಯಿತು, ಮಗನ ನಂಬರ್ ಕೊಟ್ಟವರ ಮಗ ಊರು ಬಿಟ್ಟ. ದೂರುಗಳ ಜೊತೆ ಒಬ್ಬ ಹಿರಿಯರು ಮರಾಠಿಯಲ್ಲಿ ಕೈಯಾರೆ ಬರೆದ ಕಾಗದದ ಸ್ಕ್ಯಾನ್ ಇತ್ತು. ನಾನು ಬದುಕಿದ್ದೇನೆ, ಅದನ್ನು ಯಾರಿಗೆ ಹೇಳಬೇಕು ತಿಳಿಸಿ ಎಂದು ಕೇಳಿದ್ದರು.

ನಾನು ಬರೆದ ಉತ್ತರ ನೆನಪಿದೆ. ಒಪ್ಪಿತ ವಿನ್ಯಾಸದಂತೆಯೇ ವ್ಯವಸ್ಥೆ ಕೆಲಸ ಮಾಡುತ್ತಿದೆ, ಬದಲಾವಣೆ ಬೇಕಿದ್ದರೆ ಪ್ರತ್ಯೇಕ ಕೋರಿಕೆ ಕಳಿಸಿ. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಪಿಂಚಣಿಯ ಹಕ್ಕನ್ನು ಯಾರೂ ಕಿತ್ತುಕೊಂಡಿರಲಿಲ್ಲ. ದಾರಿ ಮಾತ್ರ ಇರಲಿಲ್ಲ. ಆರು ತಿಂಗಳಲ್ಲಿ ನಾನು ಬೇರೆ ಪ್ರಾಜೆಕ್ಟಿಗೆ ಹೋದೆ. ಆ ಹಿರಿಯರ ಕತೆ ಏನಾಯಿತೋ ನಾನು ವಿಚಾರಿಸಲಿಲ್ಲ. ಸಿಯಾಟಲ್ ಬಳಿ ಪಕ್ಕಕ್ಕೆ ಉರುಳಿ ಬಿದ್ದ ಆ ಕೊಳವೆ ಯಾಕೆ ತಲೆಯಿಂದ ಹೋಗಲಿಲ್ಲ ಎಂಬುದು ಈಗ ನಿಮಗೆ ಅರ್ಥವಾಗಿರಬೇಕು.

ಇಂಥ ಕಡೆ ನಾವು ಮೊದಲು ಹುಡುಕುವುದು ತಪ್ಪಿತಸ್ಥನನ್ನು. ಸಿಗದಿದ್ದಾಗ, ತಪ್ಪು ಯಾರದೂ ಅಲ್ಲ ಎಂದ ಮೇಲೆ ಹೊಣೆಯೂ ಯಾರದೂ ಅಲ್ಲ ಎಂದು ಫೈಲು ಮುಚ್ಚುತ್ತೇವೆ. ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಯೋಚನೆಗೆ ಒಂದು ಪದ ಇದೆ: ಋಣ. ಋಣಕ್ಕೆ ತಪ್ಪು ಮಾಡಿರಬೇಕಾಗಿಲ್ಲ, ಪಡೆದಿದ್ದರೆ ಸಾಕು. ಅಪ್ಪನ ಜಮೀನು ನನಗಿರಲಿ, ಅದರ ಮೇಲಿನ ಸಾಲ ನನ್ನದಲ್ಲ ಎಂದರೆ ಊರಲ್ಲಿ ಯಾರೂ ಒಪ್ಪುವುದಿಲ್ಲ. ಮೋರಿ ಇಟ್ಟ ಎಂಜಿನಿಯರ್ ತೀರಿಹೋಗಿರಬಹುದು. ಅವನು ಉಳಿಸಿದ ಹಣದ ಫಲವನ್ನು ರಸ್ತೆಯ ಮೇಲೆ ಓಡಾಡುವ ಎಲ್ಲರೂ ಇಂದಿಗೂ ಪಡೆಯುತ್ತಿದ್ದಾರೆ. ಆ ಉಳಿತಾಯ ನಿಜವಾದ ಉಳಿತಾಯವೇ ಆಗಿರಲಿಲ್ಲ. ಖರ್ಚನ್ನು ತೊರೆಯ ಮೇಲ್ಭಾಗಕ್ಕೆ, ಬುಡಕಟ್ಟುಗಳ ತಟ್ಟೆಗೆ ದಾಟಿಸಿದ್ದೆವು ಅಷ್ಟೆ. ಹಳೆಯ ತಂತ್ರಾಂಶ ವಹಿಸಿಕೊಂಡಾಗ ನನ್ನ ಸಂಬಳ ಬಂದದ್ದೂ ಅದರಿಂದಲೇ. ಲಾಭ ನನ್ನ ಕೈಗೆ ಬಂದ ಮೇಲೆ, ಸರಿಪಡಿಸುವ ಕೀಲಿಯೂ ನನ್ನ ಕೈಯಲ್ಲೇ ಇದ್ದ ಮೇಲೆ, ಹಿಂದೆ ಸಹಿ ಹಾಕಿದವರು ಯಾರು ಎಂಬುದು ಹೆಚ್ಚು ಮುಖ್ಯವಲ್ಲ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಆ ರಾಜ್ಯ ಮೋರಿಗಳಿಗೆ ಸುರಿಯುತ್ತಿರುವುದು 300 ಕೋಟಿ ಡಾಲರಿಗೂ ಹೆಚ್ಚು. ಆ ದುಡ್ಡಿನಲ್ಲಿ ಶಾಲೆ, ಆಸ್ಪತ್ರೆ ಆಗಬಹುದಿತ್ತು. ನಿಜ. ಆದರೆ ಸಾಲ ತೀರಿಸುವವನು ಆ ದುಡ್ಡಿನಲ್ಲಿ ದಾನ ಮಾಡಬಹುದಿತ್ತು ಎನ್ನಲು ಬರುತ್ತದೆಯೇ? ಮೊದಲು ಅದು ತನ್ನ ದುಡ್ಡಾಗಿರಬೇಕು. ಒಂದು ಮೋರಿ ತೆರೆದರೆ ಕೆಳಗೆ ಇನ್ನೊಂದು ಮುಚ್ಚಿರುತ್ತದೆ ಎಂಬ ಮಾತೂ ನಿಜ. ಅದಕ್ಕೇ ಎಲ್ಲಿಂದ ಶುರು ಮಾಡಬೇಕು, ಯಾರ ಜೊತೆ ಸೇರಿ ಮಾಡಬೇಕು ಎಂದು ಯೋಚಿಸಬೇಕು. ಆದರೆ ಪ್ರತಿಯೊಬ್ಬರೂ ಇನ್ನೊಬ್ಬರನ್ನು ಕಾಯುತ್ತ ಕೂತರೆ ತೊರೆ ಎಂದಿಗೂ ತೆರೆಯುವುದಿಲ್ಲ. ಅದು ಕೇಳುವವರಿಗೆ ವಿವೇಕದ ಹಾಗೆ ಕಾಣುವ ಸೋಮಾರಿತನ.

ಸರಿಪಡಿಸುವುದು ಎಂದರೆ ಏನು ಎಂಬುದನ್ನೂ ಅವರು ಕಲಿಯಬೇಕಾಯಿತು. ಈಗ ಅಲ್ಲಿ ಅನುಸರಿಸುವ ಒಂದು ಪದ್ಧತಿಯಲ್ಲಿ ತೊರೆ ದಡ ತುಂಬಿ ಹರಿಯುವಾಗಿನ ಅಗಲದ 1.2 ಪಟ್ಟು, ಅದರ ಮೇಲೆ 2 ಅಡಿ ಅಗಲ ಬಿಡುತ್ತಾರೆ. ಒಳಗೆ ತೊರೆಯ ಹಾಗೆಯೇ ಕಲ್ಲು, ಜಲ್ಲಿ ಹಾಸುತ್ತಾರೆ. ಮೀನು ಎಷ್ಟು ಹಾರಬಲ್ಲದು ಎಂದು ಲೆಕ್ಕ ಹಾಕುವುದರ ಬದಲು, ತೊರೆ ತೊರೆಯಾಗಿಯೇ ರಸ್ತೆಯ ಅಡಿ ಹಾದುಹೋಗಲಿ ಎಂಬ ನಿಲುವು. ನನಗೆ ಇದು ಬಹಳ ಹಿಡಿಸಿತು. ದಾಟುವವನ ಸಾಮರ್ಥ್ಯವನ್ನು ಪರೀಕ್ಷೆ ಮಾಡುವ ದಾರಿ ಬೇರೆ, ದಾರಿಯೇ ದಾರಿಯಾಗಿರುವುದು ಬೇರೆ.

ಇಷ್ಟಾದರೂ ಮೀನು ಉಳಿಯುತ್ತದೆ ಎಂಬ ಖಾತರಿ ಇಲ್ಲ. ಸಿಯಾಟಲ್ ನಗರದೊಳಗಿನ ಕೆಲವು ತೊರೆಗಳನ್ನು ಶುದ್ಧ ಮಾಡಿ, ಜಲ್ಲಿ ಹಾಕಿ ಸರಿಪಡಿಸಿದರು. ಕೋಹೋ ಮೀನುಗಳು ಬಂದವು. ಮಳೆ ಬಂದಾಗ ಮೊಟ್ಟೆ ಇಡುವ ಮೊದಲೇ ಸತ್ತು ತೇಲಿದವು. ಬಹಳ ವರ್ಷ ಕಾರಣ ತಿಳಿಯಲಿಲ್ಲ. 2020ರ ಕೊನೆಗೆ ಸಂಶೋಧಕರು ಪತ್ತೆ ಮಾಡಿದರು: ಟೈರು ಬಿರುಕು ಬಿಡದಂತೆ ರಬ್ಬರಿಗೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಜೋನ್ ಜೊತೆ ಸೇರಿ ಇನ್ನೊಂದು ವಿಷವಾಗುತ್ತದೆ, ಸವೆದ ಟೈರಿನ ಧೂಳಿನಿಂದ ಅದು ಮಳೆನೀರಿನ ಜೊತೆ ತೊರೆಗೆ ಇಳಿಯುತ್ತದೆ. ಮೀನು ಬಾರದೆಯೇ ಇದ್ದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಒಂದು ಋಣ ತೀರಿಸಲು ಹೋದಾಗ ಅದರ ಕೆಳಗಿನ ಇನ್ನೊಂದು ಕಾಣಿಸಿತು. ಟಿಕೆಟ್ ಕ್ಲೋಸ್ ಮಾಡಿ ಮನೆಗೆ ಹೋಗುವ ನಮ್ಮ ಅಭ್ಯಾಸಕ್ಕೆ ಇದು ಒಗ್ಗುವುದಿಲ್ಲ. ಆದರೆ ಋಣದ ಸ್ವಭಾವವೇ ಹಾಗೆ.

ಕೊನೆಗೆ ನಮ್ಮೂರಿನ ಮೋರಿ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದಿಂದ ಗದ್ದೆಗಳ ಕಡೆಗೆ ಮೊಟ್ಟೆಯಿಡಲು ಮೀನು ಏರಿ ಬರುತ್ತಿತ್ತು. ಹತ್ತಿ ಬರುವುದರಿಂದ ಅದು ಹತ್ತು ಮೀನು. ಮನೆಮುಂದಿನ ಮೋರಿಯ ಬಾಯಿ ಮೊಣಕಾಲೆತ್ತರಕ್ಕೆ ನೇತಾಡುತ್ತಿತ್ತು. ಹಾರಲಾಗದೆ ಕೆಳಗೆ ಮೀನು ಗುಂಪುಗೂಡುತ್ತಿತ್ತು. ರಾತ್ರಿ ಚಿಕ್ಕಪ್ಪ ಬ್ಯಾಟರಿ ಹಿಡಿದರೆ ನಾವು ಹುಡುಗರು ಕತ್ತಿ, ಬುಟ್ಟಿ ಹಿಡಿದು ಇಳಿಯುತ್ತಿದ್ದೆವು. ಹೊಟ್ಟೆ ತುಂಬ ಮೊಟ್ಟೆ ಇದ್ದ ಮೀನು, ಅದರ ಸಾರು ಬಹಳ ರುಚಿ. ಆ ಮೋರಿಯ ಲಾಭವನ್ನು ನಾನೂ ತಿಂದಿದ್ದೇನೆ.

ಈ ಜೂನ್‌ನಲ್ಲಿ ಚಿಕ್ಕಪ್ಪ ಫೋನ್ ಮಾಡಿದಾಗ, ಪಂಚಾಯ್ತಿಯವರು ರಸ್ತೆ ಹೊಸದಾಗಿ ಮಾಡುತ್ತಾರಂತೆ, ಮೋರಿಯನ್ನೂ ಬದಲಿಸುತ್ತಾರಂತೆ ಎಂದರು. "ಚಿಕ್ಕಪ್ಪ, ಪೈಪನ್ನ ಸ್ವಲ್ಪ ಅಗಲದ್ದು ಹಾಕಿಸಿ, ಹಳ್ಳದ ಮಟ್ಟಕ್ಕಿಂತ ಒಂದಡಿ ತಗ್ಗಿಸಿ ಕೂರಿಸಕ್ಕೆ ಹೇಳಿ" ಎಂದೆ. ಯಾಕೆ ಎಂದಾಗ ಮೀನಿನ ವಿಷಯ ಹೇಳಿದೆ. ಅವರು ಜೋರಾಗಿ ನಕ್ಕರು. "ಈಗೆಲ್ಲಿ ಮೀನು ಮಾರಾಯ? ಗದ್ದೆಯೆಲ್ಲ ಅಡಿಕೆ ತೋಟ ಆಗಿದೆ. ಮೀನೇ ಇಲ್ಲ ಅಂದ್ಮೇಲೆ ದಾರಿ ಯಾರಿಗೆ?"

ಉತ್ತರ ತಕ್ಷಣ ಹೊಳೆಯಲಿಲ್ಲ. ಆಮೇಲೆ ಅದೇ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯ ಕತೆ ಹೇಳಿದೆ. ಅಲ್ಲಿಯ ಅಣೆಕಟ್ಟು ನೂರು ವರ್ಷ ಮೀನಿನ ದಾರಿ ಮುಚ್ಚಿತ್ತು. 2012ರ ಮಾರ್ಚ್‌ನಲ್ಲಿ ಅದನ್ನು ಕೆಡವಿ ಮುಗಿಸಿದರು. ಅದೇ ವರ್ಷ ಚಿನೂಕ್ ಸಾಲ್ಮನ್ ಆ ಜಾಗ ದಾಟಿ ಮೇಲೆ ಕಂಡಿತು. ನಮ್ಮ ಹಳ್ಳದಲ್ಲೂ ಹಾಗೆಯೇ ಆಗುತ್ತದೆಂದು ನಾನು ಹೇಳಲಾರೆ. ಬರುತ್ತದೋ ಇಲ್ಲವೋ, ಬಂದರೆ ನಾವಿಟ್ಟ ಕೊಳವೆ ಅಡ್ಡ ಇರಬಾರದು.

"ನೋಡನ, ಹೇಳ್ತೀನಿ ಅವರಿಗೆ" ಎಂದರು ಚಿಕ್ಕಪ್ಪ. ಆ ಸಂಜೆಯೇ, ಪಿಂಚಣಿಯ ಆ ತಂತ್ರಾಂಶವನ್ನು ಈಗ ನೋಡಿಕೊಳ್ಳುವವರು ಯಾರೆಂದು ಪತ್ತೆ ಮಾಡಿ, ನನ್ನ ಹಳೆಯ ಉತ್ತರವನ್ನೂ ಸೇರಿಸಿ ಒಂದು ಮೇಲ್ ಬರೆದೆ. ನಂಬರ್ ಬದಲಿಸುವ ದಾರಿ ಈಗಲಾದರೂ ಆಗಿದೆಯೇ, ಆಗಿಲ್ಲವಾದರೆ ನಾನು ಏನು ಮಾಡಬಹುದು ಎಂದು ಕೇಳಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಮುಂದಿನ ವಾರ ಮತ್ತೆ ಕೇಳಬೇಕು.